ಭೂಮಿಯನ್ನಳೆದ ವಿಲಿಯಂ ಲ್ಯಾಂಬ್ಟನ್

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹಿಂದಿನ ಮದರಾಸು, ಈಗಿನ ಚೆನ್ನೈ ನಗರಕ್ಕೆ ಆಕಾಶಮಾರ್ಗವಾಗಿ ಸುಮಾರು 270 ಕಿಲೋಮೀಟರು. ಮಂಗಳೂರಿಗೆ ಸುಮಾರು 300. ಎರಡು ಕಡೆಗೂ ಹೆಚ್ಚುಕಡಿಮೆ ಒಂದೊಂದು ತಾಸಿನ ಪ್ರಯಾಣ. ದೂರದಲ್ಲಿರುವ ಮಗಳನ್ನು ಕಾಣಲು ಹೊರಟ ತಾಯಿಯು ಈ ಅಂಕೆಗಳನ್ನು ನಂಬಿಯೇ ವಿಮಾನವನ್ನೇರುತ್ತಾಳೆ. ಬೆಟ್ಟ, ಕಾಡು, ಹೊಳೆಗಳ ಮೇಲೆ ಹಾದುಹೋಗುವ ಈ ನೇರವಾದ ಅಂತರವನ್ನು ನಮ್ಮ ಸೀಮೆಯಲ್ಲಿ ಕರಾರುವಾಕ್ಕಾಗಿ ಕಂಡುಹಿಡಿದವರು, ವಿಮಾನವು ಹುಟ್ಟುವುದಕ್ಕೆ ನೂರು ವರ್ಷಗಳ ಮೊದಲು ಇಲ್ಲಿ ದುಡಿದ ವಿಲಿಯಂ ಲ್ಯಾಂಬ್ಟನ್ನರು.

ಇವರು ಸುಮಾರು 1753ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಸೈನ್ಯವನ್ನು ಸೇರಿ ಅಮೆರಿಕಕ್ಕೆ ಹೋಗಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೆರೆಸಿಕ್ಕರು. ಬಳಿಕ ಕೆನಡಾದಲ್ಲಿ ಅನೇಕ ವರ್ಷ ಇದ್ದು, ಗಣಿತವನ್ನು ತಾವಾಗಿಯೇ ಅಭ್ಯಾಸಮಾಡಿದರು. 1799ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣವನ್ನು ಮುತ್ತಿದಾಗ, ಒಂದು ರಾತ್ರಿ ಅದರ ಒಂದು ಭಾಗವು ದಿಕ್ಕುತಪ್ಪಿ, ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುಸುಲ್ತಾನನ ಪಾಳೆಯದತ್ತಲೇ ನಡೆಯುತ್ತಿದ್ದಿತು. ನಕ್ಷತ್ರಗಳನ್ನು ನೋಡಿ ಸೇನಾಪತಿಯನ್ನು ಎಚ್ಚರಿಸಿದವರು ಲ್ಯಾಂಬ್ಟನ್ನರೇ.

ಯುದ್ಧವು ಮುಗಿದ ಮೇಲೆ, ಸಮುದ್ರದಿಂದ ಸಮುದ್ರದವರೆಗೆ ದೇಶವನ್ನಳೆಯುವ ಕಾರ್ಯವನ್ನು ಇವರು ಕೈಕೊಂಡರು. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ರೇಖೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. 1802ರಲ್ಲಿ ಮದರಾಸಿನ ಬಳಿ ಮತ್ತೊಂದನ್ನು ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುವುದೆಂದು ಶಾಖವನ್ನೂ ಗುರುತುಮಾಡಿ ಲೆಕ್ಕವನ್ನು ತಿದ್ದುತ್ತಿದ್ದರು. ತ್ರಿಕೋಣದ ಒಂದು ಭುಜವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಮಿಕ್ಕ ಭುಜಗಳನ್ನು ನಡೆದು ಅಳೆಯಬೇಕಾದುದಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಕಲಿತಿರುವರು. ಆ ಒಂದು ಪಾಠವನ್ನೇ ಹಿಡಿದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಹೆಣೆಯುತ್ತ ಇವರು ಮುಂದುವರಿದರು. 1804ರಲ್ಲಿ ಬೆಂಗಳೂರಿನಲ್ಲಿ ಪುನಃ ರೇಖೆಯನ್ನಳೆದು ನೋಡಲು, ಮದರಾಸಿನಿಂದ ತಂದ ಲೆಕ್ಕಕ್ಕೂ ಇದಕ್ಕೂ ಏಳು ಮೈಲಿಗಳಲ್ಲಿ ಕೆಲವೇ ಅಂಗುಲಗಳ ವ್ಯತ್ಯಾಸವಿದ್ದಿತು.

ಆದರೂ ಇದು ವ್ಯರ್ಥವೆಚ್ಚವೆಂದು ಎಣಿಸಿದವರು ಇಲ್ಲದಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರಾಯಿತು, ಭೂಪಟವೇಕೆಂದು ಮದರಾಸು ಸರಕಾರದ ಅಧಿಕಾರಿಯೊಬ್ಬರು ಹಾಸ್ಯಮಾಡಿದರು. ಲ್ಯಾಂಬ್ಟನ್ನರ ಕೆಲಸವೇ ಅದಕ್ಕೆ ಉತ್ತರವಾಯಿತು. ಮದರಾಸಿನಿಂದ ಮಂಗಳೂರಿಗೆ 400 ಮೈಲಿಯೆಂದು ಹಳೆಯ ಭೂಪಟಗಳು ತೋರಿಸುತ್ತಿದ್ದುವು. ನಿಜವಾದ ಅಂತರವು ಸುಮಾರು 360 ಮೈಲಿ ಮಾತ್ರವೆಂದು ಸಿದ್ಧವಾಯಿತು. ಬೋಯಿಗಳು ದಾರಿಯನ್ನು ಬಲ್ಲರು. ನಾಡಿನ ಅಗಲವನ್ನು ಯಾರೂ ಬಲ್ಲವರಾಗಿರಲಿಲ್ಲ.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುತ್ತಿದ್ದಾಗ, ಅರ್ಧ ಟನ್ ತೂಕದ ಕೋನಮಾಪಕ ಯಂತ್ರವು ಬಡಿದು ಜಖಂ ಆಯಿತು. ಇವರು ಯಾರನ್ನೂ ದೂರದೆ, ಆರು ವಾರ ಡೇರೆಯೊಳಗೆ ಕುಳಿತು ಅದನ್ನು ತಮ್ಮ ಕೈಯಿಂದಲೇ ಸರಿಪಡಿಸಿದರು. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಅಳೆಯುತ್ತ ಸಾಗಿ, ಸುಮಾರು ಎಪ್ಪತ್ತನೆಯ ವಯಸ್ಸಿನಲ್ಲಿ, 1823ನೆಯ ಜನವರಿ 20ರಂದು, ನಾಗಪುರದ ದಾರಿಯ ಹಿಂಗನಘಾಟಿನಲ್ಲಿ ತೀರಿಕೊಂಡರು. ಕೆಲಸವನ್ನು ಮುಂದುವರಿಸಿದ ಸಹಾಯಕ ಜಾರ್ಜ್ ಎವರೆಸ್ಟರ ಹೆಸರು ಲೋಕದ ಅತ್ಯುನ್ನತ ಶಿಖರಕ್ಕೆ ಬಂದಿತು. ಗುರುವಿನ ಹೆಸರಾಗಲಿ, ಬಿಸಿಲಿನಲ್ಲಿ ಸರಪಳಿ ಹಿಡಿದ ನಮ್ಮ ನಾಡಿನ ಆಳುಗಳ ಹೆಸರುಗಳಾಗಲಿ ಅಷ್ಟೆತ್ತರಕ್ಕೆ ಏರಲಿಲ್ಲ. ಆದರೂ ಅವರು ಬೆವರು ಸುರಿಸಿ ಸಾಧಿಸಿದ ಅಳತೆಯು ಸುಳ್ಳಾಗಲಿಲ್ಲ. ಚಿಕ್ಕ ಲೆಕ್ಕವನ್ನೂ ತಪ್ಪಿಲ್ಲದೆ ಮಾಡುವ ಹುಡುಗಿಯು ಇಂಥವರ ಸಾಲಿಗೇ ಸೇರಿದವಳೆಂದು ತಾಯಿತಂದೆಗಳು ತಿಳಿಯಲಿ.