ನದಿಯ ತಳ ಕಂಡ ಈಡ್ಸ್

ಜೇಮ್ಸ್ ಬುಕಾನನ್ ಈಡ್ಸ್ ಹುಟ್ಟಿದ್ದು 1820ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಬಡತನದಿಂದಾಗಿ 13ನೇ ವಯಸ್ಸಿಗೇ ಶಾಲೆ ಬಿಟ್ಟು, ಸೇಂಟ್ ಲೂಯಿಸ್ ನಗರದ ಬೀದಿಗಳಲ್ಲಿ ಸೇಬು ಮಾರಿದರು. ಮುಂದೆ, ಮುಳುಗಿದ ಹಡಗುಗಳ ಸರಕನ್ನು ಮೇಲೆತ್ತಲು ಮಿಸಿಸಿಪ್ಪಿ ನದಿಯ ತಳಕ್ಕೇ ಇಳಿಯುತ್ತಿದ್ದರು. ನೀರಿನೊಡನೆ ಮರಳೂ ಹರಿಯುವುದು ಅಲ್ಲಿ ಅವರಿಗೆ ಅರಿವಾಯಿತು.

ಮಕ್ಕಳೇ, ನದಿ ರಭಸವಾಗಿ ಹರಿದರೆ ತಳವನ್ನು ಕೊರೆಯುತ್ತದೆ. ನಿಧಾನವಾದರೆ ಹೊತ್ತು ತಂದ ಹೂಳನ್ನು ಕೆಳಗೆ ಬಿಡುತ್ತದೆ. ಮಿಸಿಸಿಪ್ಪಿ ಸಮುದ್ರ ಸೇರುವಲ್ಲಿ ಹೀಗೇ ಹೂಳು ತುಂಬಿ ಹಡಗುಗಳು ಸಿಕ್ಕಿಬೀಳುತ್ತಿದ್ದವು. 1875ರಲ್ಲಿ ಈಡ್ಸ್ ಅಲ್ಲಿ ಎದುರುಬದುರು ಎರಡು ಉದ್ದನೆಯ ಗೋಡೆ ಕಟ್ಟತೊಡಗಿದರು. ಆಳ ಹೆಚ್ಚಿದರೆ ಮಾತ್ರ ಹಣ ಎಂಬ ಸರ್ಕಾರದ ಕರಾರಿಗೂ ಒಪ್ಪಿದ್ದರು. ಇಕ್ಕಟ್ಟಿನಲ್ಲಿ ನೀರಿನ ರಭಸ ಹೆಚ್ಚಿ, ನದಿಯೇ ತನ್ನ ಹೂಳನ್ನು ಕೊಚ್ಚಿಹಾಕಿತು. 1879ರ ಹೊತ್ತಿಗೆ 30 ಅಡಿ ಆಳದ ದಾರಿ ತೆರೆಯಿತು.

ಈಡ್ಸ್ 1887ರಲ್ಲಿ ತೀರಿಕೊಂಡರು. ಶಾಲೆ ಬಿಟ್ಟ ಹುಡುಗನಿಗೆ ನದಿಯೇ ಪಾಠ ಹೇಳಿತ್ತು.