ಸಲಿಕೆ ಹಿಡಿದ ಎಂಜಿನಿಯರ್ ಪಿಯರ್ ಸೆರೆಸೋಲ್

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಜನ 1993ರ ಸೆಪ್ಟೆಂಬರ್ 30ನ್ನು ಮರೆಯುವ ಹಾಗಿಲ್ಲ. ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಊರುಗಳು ಬೆಳಗಿನ ಜಾವ ನಾಲ್ಕು ಹೊಡೆಯುವ ಮೊದಲೇ ಮಣ್ಣಾಗಿದ್ದವು. ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಎಂಟು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಭೂಮಿ ಅನ್ನುವುದಕ್ಕಿಂತ ನಮ್ಮ ಮನೆಗಳೇ ಅನ್ನಬೇಕು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಕಲ್ಲು ಕಲ್ಲಿನ ನಡುವೆ ಬರೀ ಮಣ್ಣು. ಮೇಲೆ ಜಂತಿ, ಜಂತಿಯ ಮೇಲೆ ಮಳೆಗಾಲಕ್ಕೆ ಮುಂಚೆ ವರ್ಷ ವರ್ಷ ಹಾಕುತ್ತ ಬಂದ ಮಣ್ಣಿನ ಭಾರ. ಅಲುಗಾಡಿದ ಕೂಡಲೇ ಅಷ್ಟೂ ಮಲಗಿದವರ ಎದೆಯ ಮೇಲೆ ಬಿತ್ತು.

ಆ ವಾರ ಗಡಿಯ ಈಚೆಯಿಂದ ರೊಟ್ಟಿ ಗಂಟು, ಸಲಿಕೆ, ಬುಟ್ಟಿ ಹೇರಿಕೊಂಡು ಟ್ರ್ಯಾಕ್ಟರ್ ಹತ್ತಿ ಹೋದವರಲ್ಲಿ ನಾನೂ ಒಬ್ಬ. ಉಮರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ನಾವು ಒಯ್ದ ಅರಿವೆಯನ್ನು ತಿರುಗಿಯೂ ನೋಡಲಿಲ್ಲ. ಬಿದ್ದ ಮನೆಯ ತೊಲೆ ತೋರಿಸಿ, ಇದನ್ನು ಎತ್ತಲಿಕ್ಕೆ ಕೈ ಹಚ್ಚಿರಿ ಎಂದು ಸನ್ನೆ ಮಾಡಿದ. ನಾವು ನಾಲ್ಕು ಮಂದಿ, ಐದನೆಯವನಾಗಿ ಅವನೂ ಹೆಗಲು ಕೊಟ್ಟ. ತೊಲೆ ಎದ್ದ ಮೇಲೆಯೇ ಅವನು ನಮ್ಮ ರೊಟ್ಟಿ ಮುರಿದದ್ದು. ಎಷ್ಟೋ ವರ್ಷದ ಮೇಲೆ ಪಿಯರ್ ಸೆರೆಸೋಲ್ ಎಂಬವರ ಜೀವನ ಓದುವಾಗ ಆ ಅಜ್ಜ ಮತ್ತೆ ಕಣ್ಣ ಮುಂದೆ ಬಂದು ನಿಂತ.

ಸೆರೆಸೋಲ್ ಹುಟ್ಟಿದ್ದು 1879ರ ಆಗಸ್ಟ್ 17ರಂದು, ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ. ತಂದೆ ಪಾಲ್ ಸೆರೆಸೋಲ್ 1873ರಲ್ಲಿ ಆ ದೇಶದ ಅಧ್ಯಕ್ಷರಾಗಿದ್ದವರು. ಮಗ ಎಂಜಿನಿಯರಿಂಗ್ ಕಲಿತ, ಗಣಿತದಲ್ಲಿ ಗಟ್ಟಿಗ. ದೊಡ್ಡ ಹುದ್ದೆ ಹಿಡಿದು ಆರಾಮಾಗಿ ಇರಬಹುದಿತ್ತು. ಆದರೆ ಆ ಮನುಷ್ಯನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಊರು ಬಿಟ್ಟು ಅಮೆರಿಕ, ಹವಾಯಿ, ಜಪಾನ್ ಎಂದು ಐದು ವರ್ಷ ತಿರುಗಿದರು. 1914ರಲ್ಲಿ ತಿರುಗಿ ಬಂದಾಗ ಯುರೋಪಿಗೆ ಬೆಂಕಿ ಬಿದ್ದಿತ್ತು.

ಆಗ ಅವರು ಎರಡು ಕೆಲಸ ಮಾಡಿದರು. ಒಂದು, ತಂದೆಯಿಂದ ಬಂದ ಆಸ್ತಿಯ ಹಣವನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ತಾನು ದುಡಿಯದೆ ಬಂದದ್ದು ತನ್ನದಲ್ಲ ಎಂಬುದು ಅವರ ಲೆಕ್ಕ. ಇನ್ನೊಂದು, ಸೈನ್ಯಕ್ಕೆ ಸೇರದವರು ಕೊಡಬೇಕಾದ ತೆರಿಗೆಯನ್ನು 1917ರಲ್ಲಿ ಕೊಡಲು ಒಪ್ಪದೆ ಜೈಲು ಕಂಡರು. ಅಧ್ಯಕ್ಷರ ಮಗ ಜೈಲಿಗೆ ಹೋದ ಎಂದು ಮಂದಿ ಆಡಿಕೊಂಡರು. ಅಣ್ಣತಮ್ಮಂದಿರಲ್ಲಿ ಎರ್ನೆಸ್ಟ್ ಎಂಬವರು ಸೈನ್ಯದಲ್ಲಿ ಕರ್ನಲ್. ಒಂದೇ ಮನೆಯಲ್ಲಿ ಎರಡು ದಾರಿ ನೋಡ್ರಿ.

ಬೇಡ ಅನ್ನುವುದು ಸುಲಭ. ಬದಲಿಗೆ ಏನು ಮಾಡಬೇಕು ಎಂದು ತೋರಿಸುವುದು ಕಷ್ಟ. ಯುದ್ಧ ಮುಗಿದ ಮೇಲೆ ಹಾಲೆಂಡಿನ ಬಿಲ್ಟೋವನ್ನಿನಲ್ಲಿ ಹಲವು ದೇಶಗಳ ಶಾಂತಿವಾದಿಗಳು ಕೂಡಿದ್ದರು. ಭಾಷಣ ಆದವು, ಠರಾವು ಆದವು. ಅಲ್ಲಿ ಒಬ್ಬ ಜರ್ಮನ್, ತನ್ನವರು ಕೆಡವಿದ ಫ್ರಾನ್ಸಿನ ಊರನ್ನು ಕಟ್ಟಿಕೊಡಲು ತಾನು ಬರುವೆನೆಂದ. ಆ ಮಾತು ಸೆರೆಸೋಲರಿಗೆ ನಾಟಿತು. 1920ರ ಚಳಿಗಾಲದಲ್ಲಿ ವರ್ಡನ್ ಹತ್ತಿರದ ಎಸ್ನ್ ಎಂಬ ಹಳ್ಳಿಗೆ ಒಂದು ಸಣ್ಣ ತಂಡ ಹೋಯಿತು. ಸೆರೆಸೋಲರ ಜೊತೆಗೆ ಜರ್ಮನರೂ ಇದ್ದರು, ಇಂಗ್ಲಿಷಿನವರೂ ಇದ್ದರು. ಗುಂಡು ಬಿದ್ದು ತಗ್ಗಾದ ನೆಲ ಮುಚ್ಚಿದರು, ಹಾದಿ ಸರಿ ಮಾಡಿದರು, ಕಟ್ಟಿಗೆಯ ಮನೆ ಎಬ್ಬಿಸಿದರು. ಸಂಬಳ ಇಲ್ಲ. ಊಟ, ಮಲಗಲು ಜಾಗ, ಅಷ್ಟೇ.

ಆದರೆ ಊರಿನ ಗಾಯ ಹಸಿಯಾಗಿತ್ತು. ಜರ್ಮನರ ಕೈಯಿಂದ ಮನೆ ಬೇಡ ಎಂಬ ಮಾತು ಬಂತು, ಅಧಿಕಾರಿಗಳೂ ಕೈಬಿಟ್ಟರು. ಜರ್ಮನರನ್ನು ಕಳಿಸಿ ಉಳಿದವರು ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1921ರ ವಸಂತದಲ್ಲಿ ಎಲ್ಲರೂ ಎದ್ದು ಬಂದರು. ಲೋಕದ ಕಣ್ಣಿಗೆ ಅದು ಸೋಲು. ಆದರೆ ಅಂತರರಾಷ್ಟ್ರೀಯ ಸ್ವಯಂಸೇವೆಯ ಅವರ ಸಂಸ್ಥೆ ಮೊಳೆತದ್ದು ಅಲ್ಲಿಯೇ. ಇಂದಿಗೂ ಅದು ಜೀವಂತ ಇದೆ.

1924ರಲ್ಲಿ ಸ್ವಿಟ್ಜರ್ಲೆಂಡಿನದೇ ಒಂದು ಹಳ್ಳಿಯ ಮೇಲೆ ಹಿಮದ ರಾಶಿ ಉರುಳಿತು. ಕಲ್ಲು ಮರ ತೆಗೆಯಲು ಸೆರೆಸೋಲ್ ಹುಡುಗರನ್ನು ಕರೆದರು. ಕೆಲಸದ ಶಿಸ್ತು ಕಟ್ಟಿಕೊಟ್ಟವರು ಅದೇ ಕರ್ನಲ್ ಸಹೋದರ! 1928ರಲ್ಲಿ ನೆರೆಯಲ್ಲಿ ಮುಳುಗಿದ್ದ ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಹೊಲಗಳಿಂದ ಕಲ್ಲು, ಮರಳು ತೆಗೆಯಲು ಸುಮಾರು 700 ಮಂದಿ ಬಂದರು. ನಮ್ಮ ಕಡೆಯ ಮುಯ್ಯಾಳು ಪದ್ಧತಿ ಗೊತ್ತಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದನ್ನೇ ದೇಶ ದೇಶದ ನಡುವೆ ಹಬ್ಬಿಸಿದಂತಾಯಿತು.

1934ರ ಜನವರಿ 15ರಂದು ಬಿಹಾರ ನಡುಗಿತು. ಬಿಹಾರ, ನೇಪಾಳ ಕೂಡಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ನೆಲ ಬಿರಿದು ಮರಳು, ನೀರು ಉಕ್ಕಿ ಹೊಲ ಮುಚ್ಚಿಹೋದವು. ಸುದ್ದಿ ಕೇಳಿ ಸೆರೆಸೋಲ್ ಹಡಗು ಹತ್ತಿದರು. ವಯಸ್ಸು ಐವತ್ತೈದರ ಹತ್ತಿರ. ರಾಜೇಂದ್ರ ಪ್ರಸಾದರನ್ನು ಕಂಡರು, ಗಾಂಧೀಜಿಯನ್ನೂ ಕಂಡರು. ಒಂದು ಕಡೆ ಇಂಗ್ಲಿಷ್ ಸರ್ಕಾರ, ಇನ್ನೊಂದು ಕಡೆ ಕಾಂಗ್ರೆಸ್. ಇಬ್ಬರ ನಡುವೆ ಮುಖ ಕೆಟ್ಟಿದ್ದ ಕಾಲ ಅದು. ಇವರು ಇಬ್ಬರ ಕೂಡೆಯೂ ಕೂತು ಕೆಲಸ ತೆಗೆದರು.

ಮುಜಫ್ಫರಪುರ ಜಿಲ್ಲೆಯಲ್ಲಿ ಅವರಿಗೆ ಕಂಡ ತೊಂದರೆ ಬರೀ ಬಿದ್ದ ಮನೆಗಳದ್ದಲ್ಲ. ಭೂಕಂಪದ ಮೇಲೆ ನೀರಿನ ಹಾದಿ ಬದಲಾಗಿ ಹಳ್ಳಿಗಳು ಮಳೆಗಾಲಕ್ಕೊಮ್ಮೆ ಮುಳುಗತೊಡಗಿದ್ದವು. ಅದಕ್ಕೇ ಎತ್ತರದ ನೆಲ ಹುಡುಕಿ ಊರನ್ನೇ ಹೊಸದಾಗಿ ಕಟ್ಟುವ ಕೆಲಸ ಹಿಡಿದರು. ಯುರೋಪಿನಿಂದ ಬಂದ ಮೂವರು ಗೆಳೆಯರು ಕೈಗೂಡಿಸಿದರು. ಹೀಗೆ ಎದ್ದ ಊರುಗಳಲ್ಲಿ ಒಂದಕ್ಕೆ ಶಾಂತಿಪುರ ಎಂದು ಹೆಸರಾಯಿತು. ಸಾಹೇಬರೆಂದರೆ ಕುದುರೆ ಮೇಲಿಂದ ಹುಕುಂ ಕೊಡುವವರು ಎಂದು ತಿಳಿದಿದ್ದ ಕಾಲದಲ್ಲಿ, ಬಿಳಿ ಮುದುಕನೊಬ್ಬ ಬಿಸಿಲಲ್ಲಿ ಹಳ್ಳಿಗರ ಕೂಡೆ ಮಣ್ಣು ಅಗೆದ. ಹೋಗುತ್ತ ಬರುತ್ತ 1937ರವರೆಗೆ ಆ ಕೆಲಸ ಬಿಡಲಿಲ್ಲ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಇಪ್ಪತ್ತು ವರ್ಷ ಕಲ್ಲು ಹೊತ್ತರೂ ಯುದ್ಧ ನಿಲ್ಲಲಿಲ್ಲ. ಅವರು ಕೈಕಟ್ಟಿ ಕೂಡಲಿಲ್ಲ. ಅನುಮತಿ ಇಲ್ಲದೆ ಗಡಿ ದಾಟಿ ಜರ್ಮನಿಯೊಳಗೆ ಕಾಲಿಟ್ಟರು, ಹಿಡಿದು ವಾಪಸು ಕಳಿಸಿದರು, ತಮ್ಮ ದೇಶದಲ್ಲೇ ಜೈಲಾಯಿತು. ದೇಹ ಸೋತಿತ್ತು. ಯುದ್ಧ ಮುಗಿದ ವರ್ಷವೇ, 1945ರ ಅಕ್ಟೋಬರ್ 23ರಂದು ತೀರಿಕೊಂಡರು.

ನಮ್ಮ ಸೀಮೆಗೆ ತಿರುಗಿ ಬರೋಣ. 1993ರ ನಂತರ ಪೂರ್ತಿ ನೆಲಸಮವಾದ 52 ಹಳ್ಳಿಗಳು ಹೊಸ ಜಾಗಕ್ಕೆ ಹೋದವು. ಸರ್ಕಾರ, ಸಂಸ್ಥೆಗಳು ಸಾಲು ಮನೆ ಕಟ್ಟಿಕೊಟ್ಟವು. ಗಟ್ಟಿ ಮನೆಗಳು, ಜೀವ ಉಳಿಸುವ ಮನೆಗಳು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಎತ್ತು ಎಲ್ಲಿ ಕಟ್ಟಬೇಕು, ಮೇವು ಎಲ್ಲಿ ಒಟ್ಟಬೇಕು, ಹಳೆಯ ಓಣಿಯವರು ಎಲ್ಲಿ ಹೋದರು ಎಂದು ಕೀಲಿಕೈ ಹಿಡಿದು ನಿಂತವರನ್ನೂ ಕಂಡಿದ್ದೇವೆ. ಉಳಿದ ಹಳ್ಳಿಗಳಲ್ಲಿ ಸರ್ಕಾರದ ಹಣ ಪಡೆದು ಮನೆಯವರೇ ನಿಂತು ಗೋಡೆ ಭದ್ರ ಮಾಡಿಕೊಂಡರು. ಗೋಡೆಯ ಎರಡೂ ಮುಖ ಹಿಡಿಯುವಂಥ ಉದ್ದ ಕಲ್ಲು ಯಾಕೆ ಇಡಬೇಕು, ಮಾಳಿಗೆಯ ಮಣ್ಣು ಯಾಕೆ ಇಳಿಸಬೇಕು ಎಂಬುದು ಅವರಿಗೆ ಕೈಯಿಂದಲೇ ತಿಳಿಯಿತು. ಮನೆ ಬಂತು, ಜೊತೆಗೆ ವಿದ್ಯೆಯೂ ಬಂತು.

ಕಟ್ಟುವ ಕಡೆ ಹೊರಗಿನವನ ಕೆಲಸ ಇಷ್ಟೇ ಇರಬೇಕು. ಮನೆಯವನ ಪಕ್ಕದಲ್ಲಿ ನಿಂತು ಹೆಗಲು ಕೊಡುವುದು, ಅವನನ್ನು ಬದಿಗೆ ಸರಿಸದೆ ಇರುವುದು. ಉದಗೀರದ ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಕೂಡಿಯೇ ಚೌಕಾಸಿ ನಡೆಯುತ್ತದೆ. ಗಡಿಯ ಜಗಳ ಪೇಪರಿನಲ್ಲಿ ಎಷ್ಟೇ ಇರಲಿ, ಆವತ್ತು ತೊಲೆಯ ಕೆಳಗೆ ಹೆಗಲು ಕೊಟ್ಟಾಗ ಆ ಅಜ್ಜ ನಮ್ಮ ಭಾಷೆ ಯಾವುದೆಂದು ಕೇಳಲಿಲ್ಲ, ನಾವೂ ಅವನದನ್ನು ಕೇಳಲಿಲ್ಲ. ಸೆರೆಸೋಲರ ಹೆಸರು ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲದಿದ್ದರೂ ಅವರ ಕೆಲಸದ ರೀತಿ ಗೊತ್ತು. ಮುಂದೆ ಎಲ್ಲಿ ಮನೆ ಬಿದ್ದರೂ ನಮ್ಮ ಹುಡುಗರು ಅರಿವೆ ಗಂಟಿನ ಜೊತೆಗೆ ಒಂದು ಸಲಿಕೆಯನ್ನೂ ಒಯ್ಯಲಿ.