ತೆರಿಗೆ ಕಟ್ಟಿದ ಬಾತುಕೋಳಿ

1942ರ ಆರಂಭದಲ್ಲಿ ಅಮೆರಿಕದ ಖಜಾನೆ ಇಲಾಖೆಗೆ ಒಂದು ಚಿಂತೆ ಕಾಡುತ್ತಿತ್ತು. ಯುದ್ಧವೆಚ್ಚಕ್ಕಾಗಿ ಆದಾಯ ತೆರಿಗೆಯ ವ್ಯಾಪ್ತಿಯನ್ನು ಹಿಗ್ಗಿಸಲಾಗಿತ್ತು. ಅಲ್ಲಿಯವರೆಗೆ ತೆರಿಗೆಯನ್ನೇ ಕಂಡರಿಯದ ಲಕ್ಷಾಂತರ ಜನ ಮಾರ್ಚ್ 15ರೊಳಗೆ ಹಣ ಕಟ್ಟಬೇಕಿತ್ತು. ಅವರನ್ನು ಒಲಿಸುವ ಹೊಣೆ ವಾಲ್ಟ್ ಡಿಸ್ನಿಯವರ ಪಾಲಿಗೆ ಬಂತು.

1901ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ಡಿಸ್ನಿ, ಮೊದಲ ಮಹಾಯುದ್ಧದ ಕೊನೆಯಲ್ಲಿ ವಯಸ್ಸು ತಿದ್ದಿ ರೆಡ್‌ಕ್ರಾಸ್ ಸೇರಿದ್ದರು. ಫ್ರಾನ್ಸ್ ತಲುಪುವಷ್ಟರಲ್ಲಿ ಕದನವಿರಾಮವಾಗಿತ್ತು. 1923ರಲ್ಲಿ ಅವರ ಕಂಪನಿಯೊಂದು ದಿವಾಳಿಯಾಯಿತು. 1928ರಲ್ಲಿ ಮಿಕ್ಕಿ ಮೌಸ್ ಕೈಹಿಡಿಯಿತು. ಆದರೆ ಎರಡನೇ ಮಹಾಯುದ್ಧ ಯೂರೋಪಿನ ಮಾರುಕಟ್ಟೆಯನ್ನು ಮುಚ್ಚಿದ್ದರಿಂದ 1940ರ ‘ಪಿನೋಕಿಯೊ’, ‘ಫ್ಯಾಂಟೇಸಿಯಾ’ ನಷ್ಟ ತಂದವು. ಮರುವರ್ಷ ಕಲಾವಿದರ ಮುಷ್ಕರ. ಪರ್ಲ್ ಹಾರ್ಬರ್ ದಾಳಿಯ ಬಳಿಕ ಸೈನ್ಯ ಅವರ ಸ್ಟುಡಿಯೊದಲ್ಲೇ ಬೀಡುಬಿಟ್ಟಿತು.

ತೆರಿಗೆ ಚಿತ್ರಕ್ಕೆ ಸಾಮಾನ್ಯ ತೆರಿಗೆದಾರನೊಬ್ಬನ ಹೊಸ ಪಾತ್ರ ಬೇಕೆಂಬುದು ಖಜಾನೆ ಕಾರ್ಯದರ್ಶಿ ಹೆನ್ರಿ ಮಾರ್ಗೆಂಥೊ ಅವರ ಅಪೇಕ್ಷೆ. ಡಿಸ್ನಿ ಒಪ್ಪಲಿಲ್ಲ, ಡೊನಾಲ್ಡ್ ಡಕ್‌ನನ್ನೇ ಕೊಟ್ಟರು. ಮುಂಗೋಪದ ಈ ಬಾತುಕೋಳಿ ಗೊಣಗಿ, ಕೊನೆಗೆ ಉತ್ಸಾಹದಿಂದ ನಮೂನೆ ತುಂಬಿ, ಹಣ ಕಟ್ಟಲು ಸ್ವತಃ ವಾಷಿಂಗ್ಟನ್‌ಗೆ ಓಡುತ್ತದೆ. ಚಿತ್ರ ತಮ್ಮ ಮನಸ್ಸಿನ ಮೇಲೆ ಪರಿಣಾಮ ಬೀರಿತೆಂದು ಶೇ 37ರಷ್ಟು ಪ್ರೇಕ್ಷಕರು ಗ್ಯಾಲಪ್ ಸಮೀಕ್ಷೆಯಲ್ಲಿ ಹೇಳಿದರು. ಇಷ್ಟಾದರೂ ಖಜಾನೆ ಕೋರಿದ 80 ಸಾವಿರ ಡಾಲರ್ ಅನುದಾನವನ್ನು ಜನಪ್ರತಿನಿಧಿ ಸಭೆ ತಳ್ಳಿಹಾಕಿತು. ಯುದ್ಧದಲ್ಲಿ ಲಾಭ ಗಳಿಸುವವರೆಂಬ ನಿಂದೆಯೂ ಡಿಸ್ನಿಯವರಿಗೆ ಅಂಟಿತು. ಕಡತಗಳ ನಡುವೆಯೇ ಬಾಳು ಸವೆಸಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

1943ರ ‘ಡೆರ್ ಫ್ಯೂರರ್ಸ್ ಫೇಸ್’ ಹೆಚ್ಚು ಪ್ರಸಿದ್ಧ. ಇದರಲ್ಲಿ ಡೊನಾಲ್ಡ್ ನಾಜಿ ಮದ್ದುಗುಂಡು ಕಾರ್ಖಾನೆಯ ಕೂಲಿ. ಹಿಟ್ಲರನ ಪಟ ಕಂಡಾಗಲೆಲ್ಲ ಸಲಾಮು ಹೊಡೆಯುತ್ತಲೇ ಗುಂಡುಗಳಿಗೆ ತಿರುಪು ಬಿಗಿಯಬೇಕು. ಹುಚ್ಚು ಹಿಡಿಯುವ ಹೊತ್ತಿಗೆ ಎಚ್ಚರವಾಗಿ, ಎಲ್ಲವೂ ಕನಸೆಂದು ತಿಳಿದು ನಿಟ್ಟುಸಿರು ಬಿಡುತ್ತಾನೆ. ಸರ್ವಾಧಿಕಾರವನ್ನು ಭಾಷಣವಿಲ್ಲದೆ, ಕೇವಲ ದಣಿವಿನ ಮೂಲಕ ತೋರಿಸಿದ ಈ ಚಿತ್ರಕ್ಕೆ ಆಸ್ಕರ್ ಬಂದುದು ಯೋಗ್ಯವೇ. ಆದರೆ ಅದೇ ಚಿತ್ರದ ವಾದ್ಯವೃಂದದಲ್ಲಿ ಜಪಾನಿ ನಾಯಕನ ಚಿತ್ರಣ ನೋಡಿ: ಉಬ್ಬುಹಲ್ಲು, ಸೀಳುಗಣ್ಣು. ಜರ್ಮನ್ನರ ವಿಷಯದಲ್ಲಿ ಆಡಳಿತ ನಗೆಪಾಟಲಾದರೆ, ಜಪಾನಿಯರ ವಿಷಯದಲ್ಲಿ ಮುಖವೇ ನಗೆಪಾಟಲು. ಈ ಚಿತ್ರ ತೆರೆಕಂಡಾಗ ಜಪಾನಿ ಮೂಲದ 1 ಲಕ್ಷಕ್ಕೂ ಹೆಚ್ಚು ಜನ ಅಮೆರಿಕದಲ್ಲಿಯೇ ತಂತಿಬೇಲಿಗಳ ಹಿಂದಿದ್ದರು. ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ.

ಡಿಸ್ನಿ 1966ರಲ್ಲಿ ತೀರಿಕೊಂಡರು. ಅವರ ಕಂಪನಿ ಈ ಚಿತ್ರವನ್ನು 2004ರಲ್ಲಿ, ಹಿನ್ನೆಲೆ ವಿವರಿಸುವ ಪೀಠಿಕೆಯೊಡನೆ, ಡಿವಿಡಿಯಲ್ಲಿ ಹೊರತಂದಿತು.